ಹೊಟ್ಟೆ ತುಂಬದ ಕೌದಿ

ಮಕ್ಕಳು ಉಣ್ಣುವುದಿಲ್ಲ ಎಂದು ಗೋಳಾಡುವ ತಾಯಂದಿರನ್ನು ಕಂಡರೆ ಶೀತಲಳಿಗೆ ಈಚೆಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಮಗಳು ಮಧು, ಎರಡನೇ ಇಯತ್ತೆಯ ಕೂಸು, ದೀಪಾವಳಿಯಿಂದೀಚೆ ಉಣ್ಣುವುದನ್ನು ನಿಲ್ಲಿಸಿರಲೇ ಇಲ್ಲ. ದೊಡ್ಡವರ ಸರಿಸಮ ರೊಟ್ಟಿ ತಿಂದು ಎದ್ದವಳು ಕೈ ತೊಳೆಯುವುದರೊಳಗೆ ಮತ್ತೆ ಹಸಿದಿರುತ್ತಿದ್ದಳು. ಸಾಲೆಯಲ್ಲಿ ಬೇರೆ ಮಕ್ಕಳ ಡಬ್ಬಿಗೆ ಕೈ ಹಾಕಿದಳೆಂದು ಟೀಚರು ಕರೆಸಿ ಹೇಳಿದ್ದಾಯಿತು. ಗಿರಣಿಗೆಂದು ಹಸನು ಮಾಡಿಟ್ಟ ಜೋಳವನ್ನು ಹಸಿಯಾಗಿಯೇ ಮುಕ್ಕಿದ್ದಾಯಿತು. ಇಷ್ಟು ತಿಂದ ಕೂಸು ಉಬ್ಬಬೇಕಲ್ಲ? ಇಲ್ಲ. ಕತ್ತು ಸಣ್ಣಗಾಯಿತು, ಕೆನ್ನೆ ಒಳಗೆ ಹೋಯಿತು, ಮೊನ್ನೆ ಮೊನ್ನೆ ಬಿಗಿಯಾಗಿದ್ದ ಬಳೆ ಈಗ ಮೊಣಕೈ ದಾಟಿ ಮೇಲೇರುತ್ತಿತ್ತು. ಸ್ನಾನ ಮಾಡಿಸುವಾಗ ಬೆನ್ನಿನ ಎಲುಬುಗಳು ಕೈಗೆ ಸಿಗುತ್ತಿದ್ದವು.

ಗಂಡ ಸುಭಾಸನಿಗೆ ಬೈಲಹೊಂಗಲದ ಮಾರುಕಟ್ಟೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಹತ್ತಿ ಬೆಳೆಗೆ ಏನಾದರೂ, ಮಗಳಿಗೆ ಏನಾದರೂ ಅವನ ತಲೆಗೆ ಹೊಳೆಯುವುದು ಹುಳವೊಂದೇ. ಜಂತಿನ ಗುಳಿಗೆ ತಂದು ನುಂಗಿಸಿದ, ಸುಮ್ಮನಾದ. ಬೆಳಗಾವಿಯ ಡಾಕ್ಟರರು ರಕ್ತ ತೆಗೆದರು, ಹೊಟ್ಟೆಯ ಫೋಟೋ ತೆಗೆದರು, ಎಲ್ಲ ನೆಟ್ಟಗಿದೆ, ಬೆಳೆಯುವ ವಯಸ್ಸು ಎಂದರು. ಬೆಳೆಯುವ ವಯಸ್ಸಿನಲ್ಲಿ ತೂಕ ಇಳಿಯುವುದು ಯಾವ ಊರಿನ ನ್ಯಾಯವೋ ದೇವರೇ ಬಲ್ಲ. ಶೀತಲ ರಾತ್ರಿ ಎದ್ದೆದ್ದು ಮಗಳ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಕೂಸು ಕೈ ಬಿಟ್ಟು ಹೋಗುತ್ತದೆಂಬ ಭಯ ಅವಳ ಎದೆಯಲ್ಲಿ ಮನೆ ಮಾಡಿಬಿಟ್ಟಿತ್ತು.

ಕೊನೆಗೆ ಕಾರಣ ಹೇಳಿದವಳು ಚಿಕ್ಕವ್ವ ತಂಗೆವ್ವ. ಉಗರಗೋಳದಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಕುಂಕುಮ ಭಂಡಾರ ಮಾರಿಕೊಂಡಿರುವ ಹೆಂಗಸು. ಶೀತಲಳ ತಾಯಿ ರಾಚವ್ವನ ಬೆನ್ನಿಗೆ ಬಿದ್ದ ತಂಗಿ. ಸಂಕ್ರಾಂತಿಗೆ ಬಂದವಳು ಮಧುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಬಳೆಯನ್ನು ಮೊಣಕೈ ತನಕ ಸರಿಸಿ ನೋಡಿದಳು. ಆಮೇಲೆ, "ನಿಮ್ಮವ್ವ ಈ ಕೂಸಿಗಂತ ಹೊಲಿದ ಕೌದಿ ಎಲ್ಲೈತಿ?" ಎಂದು ಕೇಳಿದಳು.

ಕಿತ್ತೂರಿನ ಮ್ಯೂಸಿಯಮ್ಮಿಗೆ ಕೊಟ್ಟೆ, ದೀಪಾವಳಿಗೆ ಗೋಡೆಗೆ ಹಾಕಿದರಂತೆ ಎಂದಳು ಶೀತಲ.

"ಅದರ ಹೊಟ್ಟಿ ಯಾರ ತುಂಬಿಸ್ಯಾರ?"

ಶೀತಲ ಮಗಳನ್ನು ಚಿಕ್ಕವ್ವನ ತೊಡೆಯಿಂದ ಎತ್ತಿ ಎದೆಗವಚಿಕೊಂಡಳು.

ಹಳೆ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಸಾಲುಸಾಲಾಗಿ ಸೂಜಿ ಓಡಿಸಿ ಮಾಡುವ ಹೊದಿಕೆಯೇ ಕೌದಿ. ರಾಚವ್ವನ ಮನೆಯ ಹೆಂಗಸರಲ್ಲಿ ಒಂದು ರೂಢಿ ಇತ್ತು. ನಾಲ್ಕೂ ಅಂಚು ಹೊಲಿದು ಬಂದ ಮೇಲೆ ಕೊನೆಯ ಮೂಲೆಯನ್ನು ಹಾಗೇ ಮುಚ್ಚುವಂತಿಲ್ಲ. ಅದರೊಳಗೆ ಒಂದು ಚೂರು ರೊಟ್ಟಿ, ಚಿಟಿಕೆ ಬೆಲ್ಲ, ನಾಲ್ಕು ಕಾಳು ಜೋಳ ಇಟ್ಟು ಆಮೇಲೆ ಗಂಟು ಹಾಕಬೇಕು. ಕೌದಿಯ ಹೊಟ್ಟೆ ತುಂಬಿಸುವುದೆಂದರೆ ಇದು. ಖಾಲಿ ಹೊಟ್ಟೆಯಲ್ಲಿ ಮುಚ್ಚಿದ ಕೌದಿ ಸುಮ್ಮನಿರುವುದಿಲ್ಲ, ಯಾರ ಹೆಸರಿನಲ್ಲಿ ಹೊಲಿದದ್ದೋ ಅವರ ಹೊಟ್ಟೆಯಿಂದ ಉಣ್ಣುತ್ತದೆ ಎಂದು ಆ ಹೆಂಗಸರು ನಂಬಿದ್ದರು. ಶೀತಲ ಚಿಕ್ಕವಳಿದ್ದಾಗ ಇದನ್ನು ಕೇಳಿ ಕೇಳಿ ನಕ್ಕಿದ್ದಳು.

ರಾಚವ್ವ ಆ ಕೌದಿಯ ಕೊನೆಯ ಮೂಲೆಗೆ ಬಂದಾಗಲೇ ಹಾಸಿಗೆ ಹಿಡಿದಳು. ಕರುಳು ಕೆಟ್ಟಿತ್ತು. ದವಾಖಾನೆಯಲ್ಲಿ ಬಾಯಿಂದ ಹನಿ ನೀರೂ ಕೊಡಬೇಡಿ ಎಂದಿದ್ದರು. ಜೀವಮಾನವಿಡೀ ಊರಿಗೆಲ್ಲ ರೊಟ್ಟಿ ಬಡಿದು ಹಾಕಿದ ಮುದುಕಿ, ಒಂದೇ ಒಂದು ರೊಟ್ಟಿ, ಪುಂಡಿಪಲ್ಯ ಕೊಡು ಎಂದು ಮಗಳ ಸೆರಗು ಹಿಡಿದು ಬೇಡಿದಳು. ನಾಳೆ ಕೊಡತೇನಿ ಎಂದಳು ಶೀತಲ. ಮರುದಿನವೂ ಅದೇ ಮಾತು. ಕೊನೆಯ ಮುಂಜಾನೆ ರಾಚವ್ವ ಏನೂ ಕೇಳಲಿಲ್ಲ. ಕ್ಯಾಂಟೀನಿನಲ್ಲಿ ಇಡ್ಲಿ ತಿಂದು ಬಂದ ಮಗಳ ಬಾಯನ್ನೇ ನೋಡುತ್ತ ಮಲಗಿದ್ದಳು, ನೋಡುತ್ತಲೇ ಹೋದಳು. ಆಮೇಲೆ ಟ್ರಂಕು ತೆರೆದಾಗಲೆಲ್ಲ ಆ ಕೌದಿ ಕಣ್ಣಿಗೆ ಬೀಳುತ್ತಿತ್ತು, ಶೀತಲಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮ್ಯೂಸಿಯಮ್ಮಿನವರು ಹಳೆ ಕೌದಿ ಕೇಳಿಕೊಂಡು ಓಣಿಗೆ ಬಂದಾಗ ಎತ್ತಿ ಕೊಟ್ಟು ಕೈ ತೊಳೆದುಕೊಂಡಳು. ಮೂಲೆ ತೆರೆದಿದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು.

ಮರುದಿನವೇ ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಬೆಲ್ಲ, ಕಾಳು, ಸೂಜಿದಾರ ಎಲ್ಲ ಕಟ್ಟಿಕೊಂಡು, ಮಗಳನ್ನು ಕರೆದುಕೊಂಡು ಹೊರಟಳು. ಸುಭಾಸನಿಗೆ ಮ್ಯೂಸಿಯಂ ನೋಡಿ ಬರುತ್ತೇವೆ ಎಂದಷ್ಟೇ ಹೇಳಿದಳು. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ಬಸ್ಸು ಅಲ್ಲಾಡಲಿಲ್ಲ. ಮಧು ಕಿಟಕಿಯಿಂದ ಕೈ ಚಾಚಿ ಒಂದು ಕಬ್ಬು ಎಳೆದುಕೊಂಡು, ಸಿಪ್ಪೆ ಸಮೇತ ಅಗಿದು, ತುಟಿ ಕೊಯ್ದುಕೊಂಡಳು. ರಕ್ತ ಬಂದರೂ ಬಿಡಲಿಲ್ಲ. ತಾಯಿಯ ಚೀಲದಿಂದ ರೊಟ್ಟಿಯ ವಾಸನೆ ಬರುತ್ತಿತ್ತು.

"ಒಂದ ಚೂರು ಕೊಡವಾ," ಎಂದಳು.

ಆಮೇಲೆ ಕೊಡತೇನಿ ಎಂಬ ಮಾತು ಶೀತಲಳ ನಾಲಿಗೆಯ ತುದಿಗೆ ಬಂದಿತ್ತು. ನಾಲಿಗೆ ಕಚ್ಚಿಕೊಂಡಳು. ಕಣ್ಣೀರು ದಳದಳ ಇಳಿಯಿತು. ಒಂದು ರೊಟ್ಟಿ, ಒಂದಿಷ್ಟು ಪಲ್ಯ, ಬೆಲ್ಲ, ಕಾಳು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಮಗಳ ಮಡಿಲಿಗೆ ಹಾಕಿದಳು. ಕಿತ್ತೂರು ಬರುವುದರೊಳಗೆ ಅದೆಲ್ಲ ಮುಗಿದಿತ್ತು, ಮಧು ತಾಯಿಯ ಬಾಯನ್ನೇ ನೋಡುತ್ತ ಕೂತಿದ್ದಳು. ಅಬ್ಬಾ, ಆ ನೋಟ. ಶೀತಲ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮ್ಯೂಸಿಯಂ ಎಂದರೆ ಊರ ಹೊರಗಿನ ಹಳೆಯ ಹತ್ತಿ ಗೋದಾಮು. ನೋಡಿಕೊಳ್ಳುವವನು ವಿರೂಪಾಕ್ಷ, ಜವಳಿ ವಿಷಯ ಓದಿ ಬಂದ ಅಲ್ಲಿಯದೇ ಹುಡುಗ. ಬಿಸಿಲಿಗೆ ಬಣ್ಣ ಹೋಗಬಾರದೆಂದು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಿಗಿದಿದ್ದರು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಮುಸ್ಸಂಜೆ. ಗೋಡೆಯ ಉದ್ದಕ್ಕೂ ಕೌದಿಗಳು ತೂಗುತ್ತಿದ್ದವು. ಇಳಕಲ್ ಸೀರೆಯ ಕೆಂಪು ಸೆರಗು, ಬಾಣಂತಿಯ ಹಸಿರು ಕುಪ್ಪಸ, ಯಾರದೋ ಮದುವೆಯ ರುಮಾಲು, ಎಲ್ಲ ತುಂಡು ತುಂಡಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇಷ್ಟು ಮಂದಿಯ ಮೈಮೇಲಿನ ಬಟ್ಟೆ ಒಂದೇ ಕಡೆ ಸೇರಿದರೆ ಅದು ಬರೀ ಬಟ್ಟೆಯಾಗಿ ಹೇಗೆ ಉಳಿದೀತು? ಗಾಳಿ ಇರಲಿಲ್ಲ. ಆದರೂ ಅವರು ದಾಟಿ ಹೋದ ಕಡೆಯಲ್ಲೆಲ್ಲ ಕೌದಿಗಳ ಅಂಚು ಸಣ್ಣಗೆ ಅಲುಗಿ ಸುಮ್ಮನಾಗುತ್ತಿತ್ತು.

ರಾಚವ್ವನ ಹೆಸರು ಹೇಳಿದ್ದೇ ತಡ ವಿರೂಪಾಕ್ಷನ ಮುಖ ಬಿಳಿಚಿಕೊಂಡಿತು. ಅವನೂ ಕೌದಿ ಹೊಲಿಯುವ ಮನೆಯಲ್ಲಿ ಹುಟ್ಟಿದವನೇ, ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇರುವೆ, ಜೊಂಡಿಗ್ಯಾದಂಥ ಹುಳ ಬರುತ್ತವೆಂದು ಎಲ್ಲ ಕೌದಿಗಳ ಮೂಲೆ ಬಿಚ್ಚಿ, ಒಳಗಿನ ಕಾಳು ಚೂರು ತೆಗೆದು, ಮತ್ತೆ ಹೊಲಿಸಿದವನು ತಾನೇ ಎಂದು ಒಪ್ಪಿಕೊಂಡ. ಬೇರೆಯವುಗಳ ಹೆಸರಿನವರೆಲ್ಲ ಸತ್ತು ಎಷ್ಟೋ ಕಾಲವಾಗಿದೆ, ಅವುಗಳಿಂದ ತೊಂದರೆ ಇಲ್ಲ. ಇದೊಂದು ಮಾತ್ರ ಹಾಗಲ್ಲ, ಇದರ ತೆರೆದ ಮೂಲೆಯನ್ನೂ ದೀಪಾವಳಿಗೆ ಖಾಲಿಯಾಗಿಯೇ ಹೊಲಿಸಿಬಿಟ್ಟಿದ್ದ. ಕಾವಲುಗಾರ ಇದನ್ನು ನೋಡಿಯೇ ಕೆಲಸ ಬಿಟ್ಟು ಹೋದನಂತೆ.

"ಆ ಮೂಲಿ ನಾ ಹೊಲೀತೇನ್ರಿ, ಮುಂಜಾನಿ ಬಂದ ನೋಡಿದ್ರ ಬಿಚ್ಚಿರತೈತಿ," ಎಂದ ವಿರೂಪಾಕ್ಷ. "ದಾರ ಕಡದಂಗ ಇರತೈತಿ. ಅರಿವಿ ಹಸಿ ಇರತೈತಿ, ಉಂಡ ಬಾಯಿ ಒರಸಿದಂಗ."

ಇದನ್ನು ಯಾರಿಗೂ ಹೇಳಿರಲಿಲ್ಲವಂತೆ. ಹೇಳಿದರೆ ನಗುತ್ತಾರೆಂದು ಅಂಜಿಕೆ. ಇದೊಂದನ್ನು ಗೋಡೆಯಿಂದ ಇಳಿಸಿ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಬೀಗ ತೆಗೆದವನು ಅಲ್ಲಿ ನಿಲ್ಲಲಾರದೆ ದೂರದ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ಕೌದಿ ಚಿಕ್ಕದು, ಕೂಸಿನ ಅಳತೆಯದು. ನಡುವೆ ಮಧುವಿನ ಮೊದಲ ವರ್ಷದ ಹಳದಿ ಫ್ರಾಕಿನ ತುಂಡು, ಸುತ್ತ ರಾಚವ್ವನ ಸೀರೆಗಳು. ಶೀತಲ ಗುರುತು ಹಿಡಿಯುತ್ತ ಹೋದಳು. ಇದು ಬೆಳಗ್ಗೆ ಹೊಲದ ಕೆಲಸಕ್ಕೆ ಉಡುತ್ತಿದ್ದದ್ದು, ಇದು ಸವದತ್ತಿಯ ಸಂತೆಯಲ್ಲಿ ತಂದದ್ದು, ಇದು ದವಾಖಾನೆಗೆ ಸೇರಿದ ದಿನ ಉಟ್ಟಿದ್ದು. ದವಾಖಾನೆಗೆ ಉಟ್ಟುಹೋದ ಸೀರೆಯನ್ನು ಆ ಬಳಿಕ ರಾಚವ್ವ ಮುಟ್ಟಿಯೇ ಇರಲಿಲ್ಲ, ಅದನ್ನು ದವಾಖಾನೆಯಲ್ಲಿಯೇ ಬಿಟ್ಟು ಬಂದಿದ್ದರು. ಅದು ಈ ಕೌದಿಯಲ್ಲಿ ಹೇಗೆ ಬಂತು? ಹೊಲಿಗೆ ರಾಚವ್ವನದೇ. ಅಷ್ಟು ಸಣ್ಣ ಹೊಲಿಗೆ ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಮೂಲೆ ತೆರೆದಿತ್ತು, ಒದ್ದೆಯಾಗಿತ್ತು. ಶೀತಲ ರೊಟ್ಟಿಯ ಚೂರು ಮುರಿದು, ಪಲ್ಯ ಸವರಿ, ಬೆಲ್ಲ ಕಾಳು ಸೇರಿಸಿ ಒಳಗೆ ಇಟ್ಟಳು. ಬಟ್ಟೆಯ ಪದರಗಳ ನಡುವೆ ಬೆಚ್ಚಗಿತ್ತು, ಅಡಿಗೆಮನೆಯಂತೆ. ಕೈ ಹಿಂದೆಗೆಯುವುದರೊಳಗೆ ಆ ಚೂರು ಮೆಲ್ಲಗೆ ಅವಳ ಅಂಗೈಗೇ ಮರಳಿ ಬಂತು. ಮತ್ತೆ ಇಟ್ಟಳು. ಮತ್ತೆ ಬಂತು. ಕೋಪದಿಂದ ದೂಡಿದ್ದಲ್ಲ, ಉಂಡವರು ಸಾಕೆಂದು ತಟ್ಟೆ ಸರಿಸುವ ಹಾಗೆ. ಕೌದಿಗೆ ಈಗ ರೊಟ್ಟಿ ಬೇಕಾಗಿರಲಿಲ್ಲ. ಅದಕ್ಕೆ ಕೂಸಿನ ಹೊಟ್ಟೆಯ ರುಚಿ ಹತ್ತಿತ್ತು.

ಹಿಂದೆ ಮಧು ನೆಲಕ್ಕೆ ಕುಸಿದು ಕೂತಳು. "ಅವ್ವಾ, ಹಸಿವಿ," ಎಂದಳು. ದನಿಯಲ್ಲಿ ತ್ರಾಣವಿರಲಿಲ್ಲ.

ಶೀತಲ ಮೊಣಕೈವರೆಗೆ ಕೈ ತೂರಿಸಿದಳು. ಅಷ್ಟು ತೆಳ್ಳನೆಯ ಕೌದಿಯಲ್ಲಿ ಅಷ್ಟು ಆಳ ಎಲ್ಲಿಂದ ಬಂತೋ. ಒಳಗೆ ಬೆರಳುಗಳಿದ್ದವು. ಒಣಗಿದ ಬೆರಳುಗಳು, ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ಅವು ಅವಳ ಮಣಿಕಟ್ಟು ಹಿಡಿದವು. ಅವಳು ಕೈ ಕಿತ್ತುಕೊಳ್ಳಲಿಲ್ಲ.

"ಅವ್ವಾ, ನಾಳೆ ಕೊಡತೇನಿ ಅಂದದ್ದು ಸುಳ್ಳು," ಎಂದಳು. "ಕೊಡಾಂಗಿಲ್ಲ ಅಂತ ನಂಗ ಗೊತ್ತಿತ್ತು. ಉಪಾಸ ಕೆಡವಿದಾಕಿ ನಾನು, ಈ ಕೂಸಲ್ಲ. ಅದನ್ನ ಬಿಡು. ನನ್ನ ಹಿಡಿ."

ಹಿಡಿತ ಸಡಿಲವಾಗಲಿಲ್ಲ. ಬಿಗಿಯೂ ಆಗಲಿಲ್ಲ. ಏನೋ ಕಾಯುತ್ತಿರುವಂತಿತ್ತು. ಆಗ ಶೀತಲಳಿಗೆ ಹೊಳೆಯಿತು. ಈ ಕೌದಿಯಲ್ಲಿ ರಾಚವ್ವನ ಬಟ್ಟೆ ಇದೆ, ಮಧುವಿನದಿದೆ, ನಡುವಿನವಳಾದ ತನ್ನದೊಂದು ಎಳೆಯೂ ಇಲ್ಲ. ಉಟ್ಟ ಸೀರೆಯ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿ ಹರಿದಳು, ರೊಟ್ಟಿಯ ಚೂರನ್ನು ಅದರಲ್ಲಿ ಸುತ್ತಿ ಒಳಗೆ ಇಟ್ಟಳು. ಬೆರಳುಗಳು ಅದನ್ನು ತಡವಿ ನೋಡಿದವು, ತೆಗೆದುಕೊಂಡವು. ಮಣಿಕಟ್ಟನ್ನು ಬಿಟ್ಟವು. ಅವಳು ಸೂಜಿದಾರ ತೆಗೆದು ಮೂಲೆಯನ್ನು ಹೊಲಿದು ಗಂಟು ಹಾಕಿದಳು. ಅವಳ ಹೊಲಿಗೆ ಸೊಟ್ಟಗಾಯಿತು. ಬಟ್ಟೆ ಒಣಗಿಹೋಗಿತ್ತು.

ಕಿತ್ತೂರಿನ ಬಸ್ ನಿಲ್ದಾಣದ ಎದುರು ಕೆಂಚವ್ವ ಎಂಬಾಕೆಯ ಖಾನಾವಳಿ. ಕೂತಕೂಡಲೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬಂದವು. ಮಧು ಒಂದು ರೊಟ್ಟಿ ತಿಂದಳು. ಎರಡನೆಯದನ್ನು ಅರ್ಧ ತಿಂದು, ಉಳಿದದ್ದನ್ನು ಚಿವುಟಿ ಚಿವುಟಿ ತಟ್ಟೆಯ ಅಂಚಿಗೆ ಸಾಲಾಗಿ ಇಡತೊಡಗಿದಳು. ಆಮೇಲೆ ತಟ್ಟೆ ಸರಿಸಿ, "ಸಾಕವ್ವಾ, ಹೊಟ್ಟಿ ತುಂಬೇತಿ," ಎಂದಳು.

ಮೊದಲಾಗಿದ್ದರೆ ಅನ್ನ ಚೆಲ್ಲಬಾರದೆಂದು ಬೆನ್ನಿಗೆ ಒಂದು ಬೀಳುತ್ತಿತ್ತು. ಶೀತಲ ಆ ಎಂಜಲು ಚೂರುಗಳನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಕೆಂಚವ್ವ ಗಾಬರಿಯಾಗಿ, ಖಾರ ಜಾಸ್ತಿಯಾಯಿತೇ ಎಂದು ಕೇಳಿದಳು. ಇಲ್ಲ ಎಂದು ತಲೆ ಅಲ್ಲಾಡಿಸಿ ಶೀತಲ ಆ ಚೂರುಗಳನ್ನು ಬಾಯಿಗೆ ಹಾಕಿಕೊಂಡಳು, ತನ್ನ ತಟ್ಟೆಯದನ್ನೂ ಮುಗಿಸಿದಳು, ಇನ್ನಷ್ಟು ಕೇಳಿದಳು. ಬೈಲಹೊಂಗಲದ ಬಸ್ಸು ಬಂದು ಹೋಯಿತು. ಮಧು ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ತನ್ನ ಕೈರುಚಿ ಊರಿಗೇ ಗೊತ್ತು ಎಂದು ಮೊದಮೊದಲು ಬೀಗಿ ಬಡಿಸಿದ ಕೆಂಚವ್ವ ಆಮೇಲೆ ರೊಟ್ಟಿಯ ಬುಟ್ಟಿಯನ್ನೇ ಎದುರಿಗೆ ಇಟ್ಟು ದೂರ ಸರಿದು ನಿಂತಳು. ಅಲ್ಲಿ ಉಣ್ಣುತ್ತಿದ್ದ ಲಾರಿಯವರು ಬೇರೆ ಕಡೆ ನೋಡುತ್ತ ಎದ್ದು ಹೋದರು. ತುತ್ತು ಗಂಟಲು ದಾಟಿದ ಕೂಡಲೆ ಎಲ್ಲಿ ಹೋಗುತ್ತಿತ್ತೋ, ಹೊಟ್ಟೆಗೆ ಮಾತ್ರ ಬೀಳುತ್ತಿರಲಿಲ್ಲ. ಶೀತಲಳಿಗೆ ಅದು ತಿಳಿದೇ ಇತ್ತು. ಅವಳು ಎಡಗೈಯನ್ನು ಮಗಳ ಗುಂಡಗಿನ ಹೊಟ್ಟೆಯ ಮೇಲೆ ಇಟ್ಟುಕೊಂಡು, ಖಾಲಿ ಬುಟ್ಟಿಯನ್ನು ಬಲಗೈಯಿಂದ ಕೆಂಚವ್ವನ ಕಡೆಗೆ ಸರಿಸಿದಳು.

"ಇನ್ನೊಂದ ಹಾಕ್ರಿ," ಎಂದಳು.