ಹೆಸರಿಲ್ಲದ ಮಾರ್ಕರ್‌ಗಳು

ಅಣ್ಣನ ಕಣ್ಣಿಗೆ ಕೆಂಪು, ಹಸಿರು, ಕಂದು ಮೂರೂ ಕಲಸಿಹೋದ ಒಂದೇ ಬಣ್ಣವಾಗಿ ಕಾಣುತ್ತಿದ್ದವು. ಇದು ಗೊತ್ತಿದ್ದದ್ದು ತಂಗಿಗೆ ಮಾತ್ರ. ಚಿಕ್ಕಂದಿನಲ್ಲಿ ಅವನು ಎಲೆಗಳಿಗೆಲ್ಲ ಕಂದು ಬಳಿದು ಅಪ್ಪನ ಕೈಲಿ ಏಟು ತಿಂದಿದ್ದ. ಅಂದಿನಿಂದ ಪಕ್ಕದಲ್ಲಿ ಕೂತು, ಬೇಕಾದ ಬಣ್ಣವನ್ನು ಸದ್ದಿಲ್ಲದೆ ಅವನ ಕೈಗೆ ದಾಟಿಸುತ್ತ ಬಂದವಳು ಅವಳು. ಹಾಗೇ ನಲವತ್ತು ವರ್ಷ ಕಳೆದಿತ್ತು.

ಈಗ ಅವನು ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ. ಊರಿಗೆಲ್ಲ ಮೇಷ್ಟ್ರು. ಗೆರೆ ಎಳೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದು ಸುಳ್ಳಲ್ಲ. ಆದರೆ ಬಣ್ಣ ಆರಿಸುವವಳು, ಎಲ್ಲಿ ತೆಳು ಎಲ್ಲಿ ಗಾಢ ಎಂದು ಪಿಸುಗುಡುವವಳು ತಂಗಿ. ಮಕ್ಕಳ ತಾಯಂದಿರ ಕಣ್ಣಲ್ಲಿ ಮಾತ್ರ ಅವಳು ಮಾರ್ಕರ್‌ಗಳಿಗೆ ಮುಚ್ಚಳ ಹಾಕಿಡುವ ಹೆಂಗಸು.

ಗ್ರಂಥಾಲಯದ ಮೇಲ್ವಿಚಾರಕಿ ಆರು ತಿಂಗಳು ಆಸ್ಪತ್ರೆಯಲ್ಲಿ ಮಲಗಿ, ಬದುಕಿ ಬಂದಿದ್ದರು. ಅವರನ್ನು ಎದುರಿಗೆ ಕೂರಿಸಿ ಎಲ್ಲರ ಮುಂದೆ ಚಿತ್ರ ಬರೆದುಕೊಡಬೇಕೆಂದು ಮೇಷ್ಟ್ರಿಗೆ ಕರೆ ಬಂತು. ಕರೆ ಬಂದ ಬೆಳಿಗ್ಗೆಯೇ ತಂಗಿ ಧೈರ್ಯ ಮಾಡಿ ಕೇಳಿದಳು.

“ಅಣ್ಣಾ, ಇದೊಂದು ಚಿತ್ರದ ಕೆಳಗೆ ನನ್ನ ಹೆಸರೂ ಹಾಕ್ತೀಯಾ?”

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ನೀನು ನನ್ನ ಕಣ್ಣು ಕಣೇ. ಕಣ್ಣಿನ ಹೆಸರನ್ನ ಯಾರಾದ್ರೂ ಚಿತ್ರದ ಕೆಳಗೆ ಬರೀತಾರಾ?”

ಅಷ್ಟಕ್ಕೆ ಬಿಟ್ಟಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಸಂಜೆ ಪಾಠಕ್ಕೆ ಬಂದ ಮಕ್ಕಳಿಗೂ ಅವನು ಅವಳು ಕೇಳಿದ್ದನ್ನು ಹೇಳಿದ, ಮುಚ್ಚಳ ಹಾಕುವವಳಿಗೂ ಸಹಿ ಹಾಕುವ ಆಸೆ ಹುಟ್ಟಿದೆಯಂತೆ ಎಂದು. ಮಕ್ಕಳು ಬಿದ್ದು ಬಿದ್ದು ನಕ್ಕವು. ಅವಳೂ ಜೊತೆಗೆ ನಕ್ಕಳು.

ಮರುದಿನ ಇಬ್ಬರೂ ಮಾರ್ಕರ್ ಕೊಳ್ಳಲು ಹೋದರು. ಅಂಗಡಿಯವನು ಎರಡು ಪೆಟ್ಟಿಗೆ ತೆರೆದಿಟ್ಟ. ಒಂದು ಅವರು ಯಾವಾಗಲೂ ಒಯ್ಯುತ್ತಿದ್ದದ್ದು. ಪ್ರತಿಯೊಂದರ ಮೈಮೇಲೂ ಬಣ್ಣದ ಹೆಸರು ಅಚ್ಚಾಗಿತ್ತು. ಇನ್ನೊಂದು ಹೊಸದು. ಕುಂಚದ ಹಾಗೆ ಬಾಗುವ ಮೊನೆ, ಮೈಮೇಲೆ ಒಂದಕ್ಷರವೂ ಇಲ್ಲ, ಮುಚ್ಚಳ ನೋಡಿಯೇ ಬಣ್ಣ ತಿಳಿಯಬೇಕು. ಅಣ್ಣ ಹಳೆಯದರ ಮೇಲೆ ಕೈಯಿಟ್ಟ.

ತಂಗಿ ಚೀಲದಿಂದ ಚಿತ್ರದ ಹಾಳೆಯ ತುಂಡೊಂದನ್ನು ತೆಗೆದಳು. ಹಳೆಯ ಮಾರ್ಕರ್‌ನಿಂದ ಒಂದೇ ಕಡೆ ಮೂರು ಸಲ ಎಳೆದು ತಿರುವಿ ತೋರಿಸಿದಳು. ಶಾಯಿ ಹಿಂಬದಿಗೆ ಇಳಿದಿತ್ತು, ಮೇಲೆ ಕಾಗದ ನಾರುನಾರಾಗಿ ಎದ್ದಿತ್ತು. ಹೊಸದರಿಂದಲೂ ಮೂರು ಸಲ ಎಳೆದಳು. ಹಿಂಬದಿ ಸ್ವಚ್ಛವಾಗಿತ್ತು.

“ಮುಖಕ್ಕೆ ಇದೇ ಸರಿ. ಅದು ಗೆರೆ ದಾಟಿ ಹರಡುತ್ತೆ,” ಎಂದಳು ಅಂಗಡಿಯವನಿಗೆ.

ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅಂಗಡಿಯವನೂ ತಲೆದೂಗಿ, ಮೇಷ್ಟ್ರು ಯಾಕೆ ಹಿಂದೆಮುಂದೆ ನೋಡುತ್ತಿದ್ದಾರೆ ಎಂದು ಕೇಳಿದ.  ಅಣ್ಣ ಅವಳ ಮೊಣಕೈಯನ್ನು ಮೆಲ್ಲಗೆ ಒತ್ತಿದ. ಅವಳು ಅದು ತನಗೆ ತಿಳಿಯಲೇ ಇಲ್ಲ ಎಂಬಂತಿದ್ದಳು. ಹೊರಗೆ ಬಂದ ಮೇಲೆ ಅವನೇ ಸಮಾಧಾನ ಮಾಡಿಕೊಂಡ, ಹೇಗೂ ನೀನು ಪಕ್ಕದಲ್ಲಿರುತ್ತೀಯಲ್ಲ ಎಂದ.

ಗ್ರಂಥಾಲಯದ ಸಭಾಂಗಣ ತುಂಬಿತ್ತು. ಹತ್ತೇ ನಿಮಿಷದಲ್ಲಿ ಮೇಲ್ವಿಚಾರಕಿಯ ಮುಖ ಗೆರೆಗಳಲ್ಲಿ ಎದ್ದು ಬಂತು. ಆ ತೆಳು ನಗು ಕೂಡ ಹಾಗೇ ಇತ್ತು. ಜನ ಚಪ್ಪಾಳೆ ತಟ್ಟಿದರು. ಅಣ್ಣ ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿದ. ತಂಗಿ ಆ ಕೈಗೆ ತೆಳು ಹಸಿರು ಇಟ್ಟಳು.

ಹಣೆ ತುಂಬಿತು, ಕೆನ್ನೆ ತುಂಬಿತು. ಕಣ್ಣಿನ ಕೆಳಗಿನ ನೆರಳಿಗೆ ಪಾಚಿಯ ಬಣ್ಣ, ತುಟಿಗೆ ಕಂದು. ಮಕ್ಕಳ ಸಾಲಿನಲ್ಲಿ ಕಿಸಕ್ಕೆಂದ ಸದ್ದು, ದೊಡ್ಡವರಲ್ಲಿ ಗುಸುಗುಸು. ಅಣ್ಣನ ಕೈ ನಿಂತಿತು.

“ಏನಾಯ್ತೇ?” ಎಂದ, ತುಟಿ ಅಲುಗದಂತೆ.

“ಏನಿಲ್ಲಣ್ಣ, ಚೆನ್ನಾಗಿ ಬರ್ತಿದೆ. ಕತ್ತಿಗೂ ಅದನ್ನೇ ಹಾಕು.”

ಅವನು ಹಾಕಿದ.

ಮೇಲ್ವಿಚಾರಕಿ ಎದ್ದು ಬಂದು ಹಾಳೆಯ ಮುಂದೆ ನಿಂತರು. ಆಸ್ಪತ್ರೆಯ ಕನ್ನಡಿಯಲ್ಲಿ ತಾನು ಹೀಗೇ ಕಾಣುತ್ತಿದ್ದೆ ಎಂದಷ್ಟೇ ಹೇಳಿ ಕುರ್ಚಿ ಹುಡುಕಿಕೊಂಡು ಕೂತರು. ಅವರ ಮಗಳು ಮೇಷ್ಟ್ರ ಎದುರಿಗೆ ಬಂದಳು. ಸಾವಿನಿಂದ ಎದ್ದು ಬಂದವರನ್ನು ಹೆಣ ಮಾಡಿ ತೋರಿಸಿದಿರಲ್ಲ, ಅಮ್ಮ ನಿಮಗೇನು ಮಾಡಿದ್ದರು ಎಂದು ಕೇಳಿದಳು. ಅಣ್ಣ ಚಿತ್ರವನ್ನು ಮೇಲಿಂದ ಕೆಳಗೆ ಹುಡುಕಿದ. ಅವನ ಕಣ್ಣಿಗೆ ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಇಲ್ಲಿ ಬೆಳಕು ಸರಿಯಿಲ್ಲ ಎಂದು ತೊದಲಿದ.

ಕೂತ ಹೆಂಗಸಿನ ಮುಖ ಕಂಡು ತಂಗಿ ಅವರತ್ತ ಒಂದು ಹೆಜ್ಜೆ ಇಟ್ಟಳು. ಒಂದೇ ಹೆಜ್ಜೆ. ಆಮೇಲೆ ಅವಳು ಮಾರ್ಕರ್‌ಗಳಿಗೆ ಒಂದೊಂದಾಗಿ ಮುಚ್ಚಳ ಹಾಕಿದಳು.

ತಿಂಗಳೊಳಗೆ ಮುಂದಿನ ಕೋಣೆ ಬರಿದಾಯಿತು. ನಂತರ ತಂಗಿಯೇ ಪಾಠ ಶುರು ಮಾಡಿದಳು. ಹೋದ ಮಕ್ಕಳು ಮೆಲ್ಲಗೆ ಮರಳಿದವು. ಅಣ್ಣ ಒಳಕೋಣೆ ಬಿಟ್ಟು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಬಾಯಿಬಿಟ್ಟ.

“ಅವತ್ತು ಮುಖಕ್ಕೆ ಏನು ಕೊಟ್ಟೆ?”

“ಹಸಿರು.”

“ಗೊತ್ತಿದ್ದೂ ಕೊಟ್ಟೆಯಾ?”

“ಗೊತ್ತಿಲ್ದೆ ನಾನು ಯಾವತ್ತಾದ್ರೂ ಕೊಟ್ಟಿದೀನಾ?”

 ಅವನು ಕೇಳಿಕೊಂಡದ್ದು ಒಂದೇ, ತನ್ನ ಕಣ್ಣಿನ ವಿಷಯ ಯಾರಿಗೂ ತಿಳಿಯಬಾರದು. ತಂಗಿ ಒಪ್ಪಿದಳು, ಕೊಟ್ಟ ಮಾತು ಉಳಿಸಿಕೊಂಡಳು. ರೋಗದಿಂದ ಎದ್ದವರನ್ನು ಬೇಕೆಂದೇ ಗೇಲಿ ಮಾಡಿದ ಮನುಷ್ಯ ಅವನು ಎಂದು ತಾಯಂದಿರು ಅವಳೆದುರೇ ಆಡಿಕೊಂಡಾಗಲೂ ಅವಳು ತುಟಿ ಬಿಚ್ಚಲಿಲ್ಲ.