ಅವಳ ಎದುರೇ ಆಡಿದ ಮಾತು

ಕಣದಲ್ಲಿ ಅರ್ಧ ಕೆಲಸ ಮುಗಿದಿತ್ತು. ಸುಮಿತ್ರಮ್ಮ ಗೋರುಮಣೆಯಿಂದ ಕಾಫಿ ಹಣ್ಣನ್ನು ಎಳೆದು ಬಿಸಿಲಿಗೆ ಹರವುತ್ತಿದ್ದಳು. ಹಿಂದೆಯೇ ಕೂತು ಸರಿಯುತ್ತ ಆಳು ಹುಲಿಯಮ್ಮ ಎಲೆ, ಕಡ್ಡಿ ಆರಿಸುತ್ತಿದ್ದಳು. ಅವಳ ಪಕ್ಕದಲ್ಲಿ ಆ ಹುಡುಗಿ.

ಆ ಹುಡುಗಿ ಎಂದೇ ಎಲ್ಲರೂ ಕರೆಯುವುದು. ಆಳು ಒದಗಿಸುವ ಮೇಸ್ತ್ರಿ ಕರೆತಂದ ದಿನ ಹೇಳಿದ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಉತ್ತರದಿಂದ ಬಂದವರೆಲ್ಲ ಇಲ್ಲಿಯವರಿಗೆ ಅಸ್ಸಾಮಿನವರೇ. ಆಳುಗಳ ಮನೆಸಾಲಾದ ಲೈನಿನಲ್ಲಿ ಮೊದಲೇ ಇದ್ದ ಅಸ್ಸಾಮಿನವರ ಪಕ್ಕದ ಮನೆಗೆ ಈ ಗಂಡ ಹೆಂಡತಿಯನ್ನು ಸೇರಿಸಿದ ಮೇಲೆ ಗೊತ್ತಾಯಿತು, ಇವರ ಮಾತು ಅವರಿಗೂ ಬರುವುದಿಲ್ಲ ಎಂದು. ಗಂಡನಿಗೆ ಒಂದಿಷ್ಟು ಹಿಂದಿ ಬರುತ್ತಿತ್ತು. ಇವಳಿಗೆ ತನ್ನ ಭಾಷೆ ಒಂದೇ.

"ನಮ್ಮನೆಯೋನು ಇನ್ನೂ ಸರಿಯಾಗಿ ಉಣ್ತಿಲ್ಲ ಅಮ್ಮೋರೆ," ಎಂದಳು ಹುಲಿಯಮ್ಮ. "ಅವನಿಗೆ ಗುಂಡಿ ತೋಡಿದ ಕೈನಾಗೆ ಅನ್ನ ಹೆಂಗೆ ಕಲಸ್ಲಿ ಅಂತಾನೆ."

ಹುಡುಗಿ ತಲೆಯೆತ್ತಿ ಇಬ್ಬರನ್ನೂ ನೋಡಿ ನಕ್ಕಳು.

"ಮೆಲ್ಲಗೆ ಮಾತಾಡೆ."

"ಮೆಲ್ಲಗೆ ಯಾಕೆ? ಈ ಕಾಫಿ ಹಣ್ಣಿಗಾದ್ರೂ ಅರ್ಥ ಆದಾತು, ಇವಳಿಗೆ ಆಗಾಕಿಲ್ಲ."

ಹನ್ನೊಂದು ದಿನದ ಹಿಂದೆ ಸುಮಿತ್ರಮ್ಮನ ಗಂಡ ರಂಗಸ್ವಾಮಿ, ಈ ಹುಡುಗಿಯ ಗಂಡನನ್ನೂ ಹುಲಿಯಮ್ಮನ ಗಂಡ ದಾಸಯ್ಯನನ್ನೂ ಹೊಂಗಡಹಳ್ಳದಾಚೆ ಸ್ನೇಹಿತನ ತೋಟಕ್ಕೆ ಕಾಳುಮೆಣಸು ಕೊಯ್ಯಲು ಕಳಿಸಿದ್ದ. ಒಂದು ಮರದಿಂದ ಇನ್ನೊಂದಕ್ಕೆ ಸರಿಸುವಾಗ ಅಲ್ಯೂಮಿನಿಯಂ ಏಣಿ ಕರೆಂಟು ತಂತಿಗೆ ತಾಗಿತು. ಹುಡುಗಿಯ ಗಂಡ ಅಲ್ಲೇ ಸತ್ತ. ಪೊಲೀಸರಿಗೆ ತಿಳಿಸಲಿಲ್ಲ. ಆ ತೋಟದವರೂ ಮೇಸ್ತ್ರಿಯೂ ಸೇರಿ ಸಂಜೆಯೊಳಗೆ ಮಣ್ಣು ಮಾಡಿಸಿದರು. ಮೇಸ್ತ್ರಿ ಇಲ್ಲಿಗೆ ಬಂದು ಹುಡುಗಿಗೆ ಅವಳ ಭಾಷೆಯಲ್ಲೇ ಏನೋ ಹೇಳಿದ. ಗಂಡ ಕೊಡಗಿಗೆ ಕೆಲಸಕ್ಕೆ ಹೋಗಿದ್ದಾನೆ, ಬರ್ತಾನೆ ಅಂತ ಹೇಳಿದೀನಿ ಎಂದು ರಂಗಸ್ವಾಮಿಗೆ ತಿಳಿಸಿ ಊರಿಗೆ ಹೊರಟುಹೋದ.

ಮೊದಲ ಎರಡು ದಿನ ಜನ ದನಿ ತಗ್ಗಿಸಿದರು. ಆಮೇಲೆ ಅದೂ ಬೇಕೆನಿಸಲಿಲ್ಲ. ನಲ್ಲಿಯ ಹತ್ತಿರ, ಸ್ಟೋರಿನ ಬಾಗಿಲಲ್ಲಿ, ಅವಳು ಪಕ್ಕದಲ್ಲೇ ನಿಂತಿರುವಾಗ ಅವನ ಕೈ ಹೇಗೆ ಸುಟ್ಟಿತ್ತು ಎಂದು ಮಾತಾಡಿದರು. ಅವಳು ಮಾತಾಡುವವರ ಮುಖವನ್ನೇ ನೋಡುತ್ತಿದ್ದಳು, ಯಾರಾದರೂ ನಕ್ಕರೆ ತಾನೂ ನಗುತ್ತಿದ್ದಳು.

ಮೂರನೇ ದಿನ ಸಂಜೆ ಅವಳು ಹಿತ್ತಲಿಗೆ ಬಂದು, ರಸ್ತೆಯ ಕಡೆ ಕೈ ತೋರಿಸಿ, ಸುಮಿತ್ರಮ್ಮನಿಗೆ ಏನೋ ಉದ್ದಕ್ಕೆ ಹೇಳಿದಳು. ಕೊನೆಗೆ ಕೇಳುವ ಹಾಗೆ ಮುಖ ಮಾಡಿ ನಿಂತಳು. ಸುಮಿತ್ರಮ್ಮ "ಹೂಂ" ಎಂದು ತಲೆಯಾಡಿಸಿದಳು. ಮಾರನೇ ದಿನ ಲೈನಿನ ಹಗ್ಗದ ಮೇಲೆ ಅವಳ ಗಂಡನ ಅಂಗಿ ಒಗೆದು ಹಾಕಿತ್ತು.

ಆ ಹೂಂ ವಾಪಸು ತೆಗೆದುಕೊಳ್ಳುವುದು ಹೇಗೆ? ಸುಮಿತ್ರಮ್ಮನಿಗೂ ಇರುವುದು ಒಂದೇ ಭಾಷೆ. ಕಣ್ಣು ಮುಚ್ಚಿ ತೋರಿಸಿದರೆ ಮಲಗಿದ್ದಾನೆ ಎಂದುಕೊಂಡಾಳು. ನೆಲ ತೋರಿಸಿದರೆ ಅಗೆಯುತ್ತಿದ್ದಾನೆ ಎಂದುಕೊಂಡಾಳು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕೈಸನ್ನೆ ಮಾಡಿ ನೋಡಿದ್ದಳು. ಯಾವ ಸನ್ನೆಯೂ ಸಾವಿನವರೆಗೆ ಹೋಗಲಿಲ್ಲ.

ರಂಗಸ್ವಾಮಿ ಜೀಪು ನಿಲ್ಲಿಸಿ ಕಣಕ್ಕೆ ಬಂದ. "ಏನ್ ಹುಲಿಯಮ್ಮ, ಕೈಗಿಂತ ಬಾಯಿಗೇ ಕೆಲಸ ಜಾಸ್ತಿ ಆಗ್ಬುಟ್ಟೈತೆ?"

"ಇವಳಿಗೆ ಹೇಳೋದು ಯಾವಾಗ್ರೀ?" ಎಂದಳು ಸುಮಿತ್ರಮ್ಮ.

"ಯಾರು, ನೀನು ಹೇಳ್ತೀಯಾ? ಯಾವ ಭಾಷೇಲಿ?" ಅವನು ನಕ್ಕ. ಹುಡುಗಿಯೂ ನಕ್ಕಳು. "ಕೊಯ್ಲು ಮುಗೀಲಿ. ಮೇಸ್ತ್ರಿ ರೈಲು ಹತ್ತಿಸ್ವಾಗ ಹೇಳ್ತಾನೆ. ಈಗ ಬಾಯಿ ಬಡ್ಕೊಂಡ್ರೆ ಪೊಲೀಸ್ ಬತ್ತಾರೆ. ಆಳು ಕಳಿಸ್ದೋನು ಯಾರು ಅಂತ ಕೇಳಿದ್ರೆ ನಂದೂ ಹೆಸರು ಐತೆ ಕಣೇ. ಅಲ್ಲೀವರ್ಗೂ ಸುಮ್ನೆ ಹೂಂ ಅಂತಿರು."

ಅವನು ಸ್ಟೋರಿನ ಕಡೆ ಹೋದ. ಹುಡುಗಿ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಸುಮಿತ್ರಮ್ಮನ ಹತ್ತಿರ ಬಂದಳು. ರಸ್ತೆಯ ಕಡೆ ಕೈ ತೋರಿಸಿದಳು. ಈ ಸಲ ಮಾತು ಚಿಕ್ಕದಿತ್ತು.

ಸುಮಿತ್ರಮ್ಮನ ಬಾಯಿಂದ ಹೂಂ ಬರಲಿಲ್ಲ. ಹುಡುಗಿ ಮತ್ತೆ ಹೋಗಿ ಕಡ್ಡಿ ಆರಿಸಲು ಕೂತಳು. ಅವಳ ಕೈ ನಿಧಾನವಾಗಿತ್ತು.

"ಹುಲಿಯಮ್ಮ, ಆ ಜಾಗ ಎಲ್ಲೈತೆ ಅಂದೆ?"

"ಯಾಕ್ ಅಮ್ಮೋರೆ?"

"ಸುಮ್ನೆ ಕೇಳ್ದೆ."

"ಸೇತುವೆ ತಾವ ಬಸ್ ಇಳಿದು, ಹಳ್ಳದ ಗುಂಟ ಹೋದ್ರೆ ಸಿಲ್ವರ್ ಮರದ ಹಿಂದೆ. ಮಣ್ಣಿನ ಮೇಲೆ ಅವನ ಚಪ್ಲಿ ಜೋಡಿಸಿಟ್ಟು ಬಂದವ್ನೆ ನಮ್ಮೋನು. ಬಿಸಾಕಾಕೆ ಮನಸು ಬರ್ಲಿಲ್ವಂತೆ."

ಸುಮಿತ್ರಮ್ಮ ಉಳಿದ ಹಣ್ಣನ್ನು ಎಳೆದು ಹರವಿದಳು. ನಾಳೆ ಬೆಳಗಿನ ಬಸ್ಸಿಗೆ ಹುಡುಗಿಯ ಕೈ ಹಿಡಿದು ಹೊರಡುವುದು. ಆ ಚಪ್ಪಲಿಗಳ ಮುಂದೆ ಅವಳನ್ನು ನಿಲ್ಲಿಸುವುದು. ಆಮೇಲೆ ಅವಳು ಬಾಯಿ ಬಡಿದುಕೊಂಡರೆ ಬಡಿದುಕೊಳ್ಳಲಿ. ಅಲ್ಲಿಂದ ನೇರ ಠಾಣೆಗೆ. ಅಲ್ಲಿ ಹೇಳುವುದಕ್ಕೆ ಕನ್ನಡ ಸಾಕು.

"ನಾಳೆ ತಿಂಡಿಗೇನೇ?" ಸ್ಟೋರಿನಿಂದ ರಂಗಸ್ವಾಮಿ ಕೂಗಿದ.

"ಅಕ್ಕಿರೊಟ್ಟಿ," ಎಂದಳು.