ದೋಣಿಯ ಎಂಟು ಬಳೆ

ಇಮೋಜೀನ್ ಮೊದಲನೆಯ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ಜಪ್ಪಯ್ಯ ಎಂದರೂ ಅದು ಅಲುಗಲಿಲ್ಲ. ಎರಡನೆಯದೂ ಅಷ್ಟೆ. ಮನೆಯ ಪಕ್ಕದ ಮಾಡಿನ ಕೆಳಗೆ, ಕಾರಿಗೆ ಕಟ್ಟಿ ಎಳೆಯುವ ಗಾಡಿಯ ಮೇಲೆ ನಿಂತಿದ್ದ ದೋಣಿಯ ಮೂತಿಯುದ್ದಕ್ಕೂ ಅಂಥ ಬಳೆಯ ಹೋಲ್ಡರುಗಳು ಎಂಟಿದ್ದವು, ಒಂದೊಂದರಲ್ಲಿ ಒಂದೊಂದು ಗಾಳದ ಕೋಲು ಸಿಕ್ಕಿಸುವುದಕ್ಕೆ. ಗಂಡನನ್ನು ಮಣ್ಣು ಮಾಡಲು ಹೊರಡಬೇಕಾದವಳು ಕಪ್ಪು ಉಡುಪು ತೊಟ್ಟು, ಚಪ್ಪಲಿ ಕಳಚಿಟ್ಟು, ದೋಣಿ ಹತ್ತಿ ನಿಂತಿದ್ದಳು.

ನೋಡಿದವರು ತಲೆ ಕೆಟ್ಟಿದೆ ಎನ್ನಬಹುದಿತ್ತು. ಕೆಟ್ಟಿರಲಿಲ್ಲ. ಅವಳಿಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. ಸೋಮವಾರ ಬೆಳಗ್ಗೆ ಗ್ರೆನೇಡಾ ಕೆರೆಯಲ್ಲಿ ಮೀನು ಹಿಡಿಯುವಾಗ ಗಂಡ ಹೊಯ್ಟ್ ಎದ್ದು ನಿಂತದ್ದು ಈ ಬಳೆ ಬಿಚ್ಚುವುದಕ್ಕೋ, ಅಲ್ಲವೋ. ಎದ್ದ, ಮುಗ್ಗರಿಸಿದ, ಮಾರ್ಚ್ ತಿಂಗಳ ತಣ್ಣೀರಿಗೆ ಬಿದ್ದ, ಎದೆಬಡಿತ ನಿಂತಿತು. ಆಸ್ಪತ್ರೆಯವರು ಹೇಳಿದ್ದು ಇಷ್ಟೇ. ಯಾಕೆ ಎದ್ದ ಎಂಬುದು ಅವರಿಗೇನು ಗೊತ್ತು? ಗೊತ್ತಿದ್ದವನು ಅದೇ ದೋಣಿಯಲ್ಲಿದ್ದ ಮೈದುನ ವೆಂಡೆಲ್. ಅವನನ್ನು ಕೇಳಲು ಮೂರು ದಿನದಿಂದ ಅವಳಿಗೆ ಬಾಯಿ ಬಂದಿರಲಿಲ್ಲ.

"ಅತ್ತಿಗೆ, ಕಾರು ಬಂತು," ಎನ್ನುತ್ತ ವೆಂಡೆಲ್ಲೇ ಬಂದ. ಅವಳು ಎಲ್ಲಿ ನಿಂತಿದ್ದಾಳೆಂದು ನೋಡಿ, ಕೈ ಹಿಡಿದು ಇಳಿಸಿದ.

*

ಆ ಹೋಲ್ಡರುಗಳನ್ನು ಆರಿಸಲು ಹೊಯ್ಟ್ ಇಡೀ ಚಳಿಗಾಲ ತೆಗೆದುಕೊಂಡಿದ್ದ. ಮದುವೆಗೂ ಅವನು ಅಷ್ಟು ಅಳೆದೂ ಸುರಿದೂ ಮಾಡಿದವನಲ್ಲ. ಇಮೋಜೀನಳನ್ನು ಕಂಡ ಎರಡೇ ವಾರಕ್ಕೆ ಕೇಳಿಬಿಟ್ಟಿದ್ದ. ಹೋಲ್ಡರಿಗೆ ಮಾತ್ರ ಅಡುಗೆಮನೆಯ ಮೇಜಿನ ಅಂಚಿಗೆ ಎರಡು ಮಾದರಿ ಕಚ್ಚಿಸಿಟ್ಟು, ಪೊರಕೆಯ ಕೋಲು ಸಿಕ್ಕಿಸುವುದು, ಎತ್ತುವುದು, ಮತ್ತೆ ಸಿಕ್ಕಿಸುವುದು. ಒಂದು ಮೇಲೆ ಬಾಯಿ ತೆರೆದದ್ದು. ಕೋಲು ಸುಮ್ಮನೆ ಒರಗಿರುತ್ತದೆ, ಕೂತಲ್ಲೇ ಒಂದು ಕೈಯಲ್ಲಿ ಎತ್ತಬಹುದು. ಇನ್ನೊಂದಕ್ಕೆ ಬಳೆ; ಬಿಗಿದರೆ ಕೋಲು ಎಲ್ಲಿಗೂ ಹೋಗದು, ಆದರೆ ಬಿಚ್ಚಲು ಎದ್ದು ನಿಂತು ಎರಡೂ ಕೈ ಹಾಕಬೇಕು. ಅವನು ಹಿಡಿಯುತ್ತಿದ್ದ ಕ್ರಾಪಿ ಮೀನಿನ ತುಟಿ ಕಾಗದದಷ್ಟು ತೆಳು. ತಡ ಮಾಡಿದರೆ ಬಿಟ್ಟುಹೋಗುತ್ತದೆ, ಜಗ್ಗಿದರೆ ಹರಿದುಹೋಗುತ್ತದೆ. ಹೊಯ್ಟನ ಕೈಗೆ ನಡುಕ ಬಂದು ಆಗಲೇ ಎರಡು ವರ್ಷವಾಗಿತ್ತು.

"ನೀನೇ ಹೇಳು, ಯಾವ್ದು ತಗೊಳ್ಳಲಿ?" ಎಂದ.

ಇಮೋಜೀನ್ ಒಲೆಯ ಮುಂದಿದ್ದಳು. ಹಿಂದಿನ ವರ್ಷ ದೊಡ್ಡ ಮೀಸೆಮೀನೊಂದು ಅವನ ಕೋಲನ್ನೇ ಎಳೆದುಕೊಂಡು ಹೋಗಿತ್ತು, ಹುಟ್ಟುಹಬ್ಬಕ್ಕೆ ಅವಳು ಕೊಟ್ಟಿದ್ದ ಕೋಲು. ಆ ಸಿಟ್ಟು ಇನ್ನೂ ಆರಿರಲಿಲ್ಲ.

"ಬಳೆ ಇರೋದೇ ತಗೋ. ಇನ್ನೊಂದು ಕೋಲು ಕಳ್ಕೊಂಡು ಬಂದ್ಯೋ, ಮನೆಗೆ ಸೇರ್ಸಲ್ಲ ನೋಡು," ಎಂದಳು, ತಿರುಗಿಯೂ ನೋಡದೆ.

ಅವನು ನಕ್ಕ. ಮರುದಿನವೇ ಎಂಟು ತರಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

*

ಮಣ್ಣು ಮಾಡಿ ಬಂದವರೆಲ್ಲ ಚರ್ಚಿನ ಹಿಂದಿನ ಹಾಲ್‌ನಲ್ಲಿ ಸೇರಿದರು. ಉದ್ದನೆಯ ಮೇಜಿನ ಮೇಲೆ ಕರಿದ ಕೋಳಿ, ಬೇಯಿಸಿದ ಬೀನ್ಸು, ಬಾಳೆಹಣ್ಣಿನ ಪುಡಿಂಗು. ಪಾದ್ರಿ ಬಂದು ಪ್ರಾರ್ಥನೆ ಹೇಳುವವರೆಗೆ ಯಾರೂ ಮುಟ್ಟುವಂತಿಲ್ಲ. ಹಸಿದವರ ಮಾತು ಹೊಯ್ಟನ ಸುತ್ತಲೇ ಸುತ್ತಿತು. ಅವನು ಮೀನಿನ ತೂಕ ಹೇಳಿದರೆ ಅರ್ಧ ಕಳೆದು ನಂಬಬೇಕಿತ್ತು ಎಂದರು, ನಕ್ಕರು. ಆ ನಗುವಿನ ಮರೆಯಲ್ಲಿ ಇಮೋಜೀನಳಿಗೆ ಧೈರ್ಯ ಬಂತು.

"ವೆಂಡೆಲ್, ಅವತ್ತು ಆ ಬಳೆ ಬಿಗಿಯಾಗಿತ್ತಾ?"

"ಬಳೆನಾ? ಅವನು ಒಂದಿನಾನೂ ಬಿಗೀಲಿಲ್ಲ ಅತ್ತಿಗೆ. ನಡುಗೋ ಕೈಲಿ ಯಾರು ಬಿಚ್ತಾರೆ ಅದನ್ನ? ಎಂಟೂ ಸಡಿಲ ಬಿಟ್ಟಿದ್ದ, 'ಅವಳಿಗೆ ಹೇಳ್ಬೇಡ' ಅಂದಿದ್ದ. ವಾಪಸ್ ತರೋವಾಗ ದಾರೀಲಿ ಗಲಗಲ ಅನ್ನುತ್ತೆ ಅಂತ ನಾನೇ ಬಿಗಿ ಮಾಡ್ದೆ."

ಹಾಗಾದರೆ ಕಾರಣ ತನ್ನ ಮಾತಲ್ಲ. ಇಮೋಜೀನ್ ಮೂರು ದಿನದಲ್ಲಿ ಮೊದಲ ಸಲ ನೆಟ್ಟಗೆ ಉಸಿರಾಡಿದಳು. ಹಾಗಿದ್ದರೆ ಅವನು ಎದ್ದದ್ದು ಯಾಕೆ ಎಂದು ಕೇಳಿದಳು.

ವೆಂಡೆಲ್ ಒಳ್ಳೆಯವನು. ಅತ್ತಿಗೆಯ ಮುಖ ಕೊಂಚ ಗೆಲುವಾದದ್ದು ಕಂಡು, ಇನ್ನಷ್ಟು ನಗಿಸೋಣವೆಂದು ಎಲ್ಲರಿಗೂ ಕೇಳುವಂತೆ ಹೇಳಿದ. ದೊಡ್ಡದೇನೋ ಕಚ್ಚಿತಂತೆ. ತುದಿಯ ಕೋಲು ಜಾರಿಕೊಂಡು ಹೊರಟಿತಂತೆ. ಹೋದರೆ ಹೋಗಲಿ ಬಿಡು ಎಂದು ತಾನು ಕೂಗಿದನಂತೆ.

"ಕೇಳ್ಬೇಕಲ್ಲ ಅವನು. 'ಬಿಟ್ರೆ ಇಮೋಜೀನ್ ಮನೆಗೆ ಸೇರ್ಸಲ್ಲ ಕಣೋ' ಅಂತ ನಗ್ತಾನೇ ಎದ್ದ. ಅದೇ ಅವನ ಕಡೇ ಮಾತು."

ಹಾಲ್‌ಗೆ ಹಾಲೇ ನಕ್ಕಿತು. ಅಳುತ್ತಿದ್ದವರೂ ನಕ್ಕರು. ಸಾಯುವಾಗಲೂ ಹೆಂಡತಿಗೆ ಹೆದರಿದ ಪುಣ್ಯಾತ್ಮ ಎಂದರು ಯಾರೋ, ಪ್ರೀತಿಯಿಂದಲೇ. ಇಮೋಜೀನಳ ಬಾಯಿಯೂ ನಕ್ಕಿತು. ಬೇರೇನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ. ಬಳೆ ಬಿಗಿದಿದ್ದರೆ ಬದುಕುತ್ತಿದ್ದ. ತಾನು ಆ ಮಾತು ಆಡದಿದ್ದರೂ ಬದುಕುತ್ತಿದ್ದ. ಇದನ್ನು ಈ ನಗುವವರಲ್ಲಿ ಯಾರಿಗೆ ಹೇಳುವುದು?

ಅಷ್ಟರಲ್ಲಿ ಪಾದ್ರಿ ಬಂದು ಎಲ್ಲರೂ ಕೈ ಕೈ ಹಿಡಿದುಕೊಳ್ಳಿ ಎಂದರು. ಬಲಗೈಯನ್ನು ವೆಂಡೆಲ್ ಹಿಡಿದ, ಎಡಗೈಯನ್ನು ಪಕ್ಕದ ಮನೆಯಾಕೆ. ಪ್ರಾರ್ಥನೆ ಶುರುವಾಯಿತು. ಇಮೋಜೀನಳ ಕಣ್ಣು ತುಂಬಿ ಹರಿದು, ಮೂಗೂ ಸೋರತೊಡಗಿತು. ಒರೆಸಿಕೊಳ್ಳಲು ಕೈ ಎಳೆದಳು. ಪಾಪ, ಬೀಳುತ್ತಾಳೆಂದುಕೊಂಡು ಇಬ್ಬರೂ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಮುಖವನ್ನು ಹೆಗಲಿಗಾದರೂ ಒರೆಸಿಕೊಳ್ಳೋಣವೆಂದು ಕತ್ತು ತಿರುಗಿಸಿದಳು, ಹೆಗಲು ಎಟುಕಲಿಲ್ಲ. ಪಾದ್ರಿಯದು ಉದ್ದನೆಯ ಪ್ರಾರ್ಥನೆ.